ಎಲ್ಲರೂ ಒಟ್ಟಿಗಿರುವ ದಿನ

ಆ ಮನೆಯಲ್ಲಿ ಮೂರು ಜನ, ಮೂರು ಬೀಗದ ಕೈ. ಅಪ್ಪ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ಊರಿನ ಮೊದಲ ಬಸ್ಸು ಕೆಮ್ಮಿ ಎದ್ದೇಳುವ ಮುಂಚೆಯೇ ಮನೆ ಬಿಡುತ್ತಿದ್ದರು. ಅಮ್ಮ ಆಸ್ಪತ್ರೆಯ ನರ್ಸು; ಈ ವಾರ ಬೆಳಗು, ಮುಂದಿನ ವಾರ ಮಧ್ಯಾಹ್ನ, ಅದರ ಮುಂದಿನ ವಾರ ರಾತ್ರಿ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಊರಿಗೆಲ್ಲ ರಜೆ ಇದ್ದ ದಿನವೇ ಅವಳಿಗೆ ಕೆಲಸ ಜಾಸ್ತಿ. ತಮಗೆ ಕಣ್ಣು ಕಾಣಿಸುತ್ತಿಲ್ಲ ಎಂದು ಗಮನಿಸುವುದಕ್ಕೂ ಜನಕ್ಕೆ ಬಿಡುವು ಬೇಕಲ್ಲ. ಹೀಗಾಗಿ ಈ ಮೂವರು ಒಬ್ಬರ ಮುಖ ಒಬ್ಬರು ನೋಡುವುದಕ್ಕಿಂತ ಒಬ್ಬರು ಬಿಟ್ಟುಹೋದ ತಟ್ಟೆ ನೋಡಿ ಕ್ಷೇಮಸಮಾಚಾರ ತಿಳಿಯುತ್ತಿದ್ದದ್ದೇ ಹೆಚ್ಚು. ತಟ್ಟೆ ಖಾಲಿಯಾಗಿದ್ದರೆ ಚೆನ್ನಾಗಿದ್ದಾರೆ. ಅರ್ಧ ಉಳಿದಿದ್ದರೆ ತಡವಾಗಿ ಹೊರಟಿದ್ದಾರೆ. ತೊಳೆದಿಟ್ಟಿದ್ದರೆ ಏನೋ ತಪ್ಪು ಮಾಡಿದ್ದಾರೆ.

ಅಂಥ ಮನೆಯಲ್ಲಿ ಒಂದು ಬುಧವಾರ ಮೂವರಿಗೂ ರಜೆ ಸಿಕ್ಕಿತು. ಸಂತೋಷಪಡಬೇಕಾದ ಸಂಗತಿ. ಆದರೆ ತಪಾಸಣೆಯವರಿಗೆ ಹತ್ತು ದಿನದಿಂದ ನಿದ್ದೆ ಬಂದಿರಲಿಲ್ಲ.

ಹತ್ತು ದಿನದ ಹಿಂದೆ, ಅವರು ಬಾಗಿಲ ಬಳಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಾಗ, ರಾತ್ರಿ ಡ್ಯೂಟಿ ಮುಗಿಸಿ ಒಳಗೆ ಬರುತ್ತಿದ್ದ ನರ್ಸಮ್ಮ ಹೇಳಿದ್ದರು: "ರೀ, ಮನೆಯವರೆಲ್ಲಾ ಒಟ್ಟಿಗಿರೋ ಒಂದು ದಿನ ನೋಡ್ಬೇಕು."

ಅಷ್ಟೇ. ಹೇಳಿ ಕೈ ತೊಳೆಯಲು ಹೋದರು. ತಪಾಸಣೆಯವರ ಕೈಯಲ್ಲಿ ದಾರ ಹಾಗೇ ಉಳಿಯಿತು.

ಬೇರೆ ಯಾವ ಮನೆಯಲ್ಲಾದರೂ ಈ ಮಾತಿಗೆ ಪಿಕ್ನಿಕ್ಕು ಎಂದು ಅರ್ಥ. ಆ ಮನೆಯಲ್ಲಿ ಹಾಗಿರಲಿಲ್ಲ. ವಾರ್ಡಿನಲ್ಲಿ ಪುರುಸೊತ್ತಾಗದೆ ಉಳಿದ ಫೋನುಗಳನ್ನು ನರ್ಸಮ್ಮ ಮನೆಗೆ ಬಂದು, ಒಲೆಯ ಮುಂದೆ ನಿಂತು ಮಾಡುತ್ತಿದ್ದರು. ರೋಗಿಯ ರಿಪೋರ್ಟು ಚೆನ್ನಾಗಿದ್ದರೆ, "ರಿಪೋರ್ಟ್ ಬಂದಿದೆ, ಯಾರಾದ್ರೂ ಬಂದು ತಗೊಂಡ್ಹೋಗಿ." ಚೆನ್ನಾಗಿಲ್ಲದಿದ್ದರೆ ದನಿ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು: "ಮನೆಯವರೆಲ್ಲಾ ಒಟ್ಟಿಗಿರೋ ಒಂದು ದಿನ ನೋಡ್ಕೊಂಡು ಬನ್ನಿ. ಊಟ ಮುಗಿಸ್ಕೊಂಡೇ ಬನ್ನಿ." ಇಪ್ಪತ್ತಮೂರು ವರ್ಷದಿಂದ ಕೇಳುತ್ತ ಬಂದ ತಪಾಸಣೆಯವರಿಗೆ ಆ ಎರಡನೆಯ ಮಾತಿನ ಅರ್ಥ ಬಾಯಿಪಾಠ. ಒಳ್ಳೇ ಸುದ್ದೀನ ಕಾರಿಡಾರಲ್ಲಿ ನಿಂತೇ ಹೇಳ್ತೀವಿ, ಕೆಟ್ಟದ್ದಕ್ಕೆ ಮೊದಲು ಕುರ್ಚಿ ಹಾಕ್ತೀವಿ ಎಂದು ಹೆಂಡತಿಯೇ ಒಮ್ಮೆ ವೃತ್ತಿರಹಸ್ಯ ಬಿಟ್ಟುಕೊಟ್ಟಿದ್ದರು.

ಅದಕ್ಕೂ ಹತ್ತು ಹನ್ನೊಂದು ದಿನ ಮುಂಚೆ ಅದೇ ಹೆಂಡತಿ, ಪೇಪರು ಓದುತ್ತಿದ್ದ ಗಂಡನ ತೋಳು ಎಳೆದು ರಕ್ತ ತೆಗೆದಿದ್ದರು.

"ಐವತ್ತು ದಾಟಿದೆ. ಒಂದ್ಸಲ ನೋಡ್ಸೋಣ."

"ಎರಡು ಸೀಸೆ ಯಾಕೆ?"

"ಒಂದು ಒಡೆದ್ರೆ ಇನ್ನೊಂದಿರ್ಲಿ ಅಂತ. ಸುಮ್ನಿರಿ, ಅಳ್ಳಾಡ್ಬೇಡಿ."

ಆಮೇಲೆ ಆ ರಕ್ತದ ಬಗ್ಗೆ ಆ ಮನೆಯಲ್ಲಿ ಚಕಾರ ಇಲ್ಲ.

ನೇರವಾಗಿ ಕೇಳಬಹುದಿತ್ತು. ಆದರೆ ತಪಾಸಣೆಯವರು ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಲಿತ ಶಾಸ್ತ್ರವೇ ಬೇರೆ. ಟಿಕೆಟ್ ಇದ್ದವನು ಇನ್‌ಸ್ಪೆಕ್ಟರನ್ನು ಕಂಡ ಕೂಡಲೇ ಗಾಬರಿಯಾಗುತ್ತಾನೆ, ನಾಲ್ಕು ಜೇಬು ತಡಕುತ್ತಾನೆ, ಬಾಯಲ್ಲಿ ಕಚ್ಚಿಕೊಂಡಿರುವ ಟಿಕೆಟನ್ನೇ ಚೀಲದಲ್ಲಿ ಹುಡುಕುತ್ತಾನೆ. ಟಿಕೆಟ್ ಇಲ್ಲದವನು ಶಾಂತವಾಗಿ ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ, ಹೊರಗಿನ ಬೀದಿಯನ್ನೆಲ್ಲ ತಾನೇ ಕ್ರಯಕ್ಕೆ ತೆಗೆದುಕೊಂಡವನ ಹಾಗೆ. ಕೇಳಿದರೆ ಸಿದ್ಧ ಉತ್ತರ ಸಿಗುತ್ತದೆ. ಕಾದರೆ ನಿಜ ತಾನಾಗಿ ಕೆಮ್ಮುತ್ತದೆ. ಈಚೆಗೆ ನರ್ಸಮ್ಮ ಅಡುಗೆಮನೆಯ ಕಿಟಕಿಯಿಂದ ಬಹಳ ಹೊತ್ತು ಹೊರಗೆ ನೋಡುತ್ತಿದ್ದರು. ಎದುರಿಗೆ ಇದ್ದದ್ದು ಪಕ್ಕದ ಕಟ್ಟಡದ ನೀರಿನ ಪೈಪು.

ಸರಿ, ಸಾಯುವವನು ಸಾಯುವ ಹಾಗೆ ಸಾಯಬೇಕು ಎಂದು ತಪಾಸಣೆಯವರು ತೀರ್ಮಾನಿಸಿದರು. ಎರಡು ವರ್ಷದಿಂದ ತೊಟ್ಟಿಕ್ಕುತ್ತಿದ್ದ ನಲ್ಲಿಗೆ ಹೊಸ ವಾಷರ್ ಹಾಕಿದರು. ಮನೆಯ ಕಾಗದಪತ್ರಗಳು ಯಾವ ಟ್ರಂಕಿನಲ್ಲಿವೆ ಎಂದು ಮಗಳಿಗೆ ಎರಡು ಸಲ ತೋರಿಸಿದರು. ದಿನಾ ಪಾತ್ರೆ ತೊಳೆದರು. ಒಂದು ಬೆಳಗ್ಗೆ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಮುದುಕನಿಗೆ, "ಮುಂದಿನ ಸಲ ತಗೊಳ್ಳಿ ಯಜಮಾನ್ರೆ" ಎಂದು ಹೇಳಿ ಇಳಿದುಹೋದರು. ಆ ಬಸ್ಸಿನ ಕಂಡಕ್ಟರು ಇದು ತನಗೆ ಒಡ್ಡಿದ ಯಾವುದೋ ಬೋನು ಎಂದು ಹೆದರಿ ಆ ಮುದುಕನಿಗೆ ತಾನೇ ಟಿಕೆಟ್ ಹರಿದುಕೊಟ್ಟನಂತೆ.

ಬುಧವಾರ ಬೆಳಗ್ಗೆ ಮೂವರೂ ಒಟ್ಟಿಗೆ ಎದ್ದು, ಒಟ್ಟಿಗೆ ಅಡುಗೆಮನೆಗೆ ಬಂದರು. ಆ ಅಡುಗೆಮನೆ ಒಬ್ಬರಿಗೆಂದು ಕಟ್ಟಿಸಿದ್ದು. ಸಕ್ಕರೆ ಡಬ್ಬಿಗೆ ಮೂರು ಕೈ ಹೋದವು.

"ನೀನು ಕಾಫಿಗೆ ಸಕ್ಕರೆ ಹಾಕ್ಕೊಳ್ತೀಯಾ?" ಅಂದರು ಅಪ್ಪ.

"ನಾಲ್ಕು ವರ್ಷದಿಂದ" ಅಂದಳು ಮಗಳು.

ನರ್ಸಮ್ಮ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಕಣ್ಣೆತ್ತದೆ ಹೇಳಿದರು: "ಕೊಳದ ಪಾರ್ಕಿಗೆ ಹೋಗೋಣ. ಊಟ ಕಟ್ಕೊಂಡು ಹೋಗೋದು. ಊಟ ಆದ್ಮೇಲೆ ಕೂತ್ಕೊಂಡು ಸ್ವಲ್ಪ ಮಾತಾಡೋದಿದೆ."

ಊಟ ಆದಮೇಲೆ. ಕೂತುಕೊಂಡು. ತಪಾಸಣೆಯವರು ತಮ್ಮ ಲೋಟವನ್ನು ಬಹಳ ಜೋಪಾನವಾಗಿ ಕೆಳಗಿಟ್ಟರು.

"ಇಲ್ಲೇ ನಿಂತ್ಕೊಂಡು ಮಾತಾಡಕ್ಕಾಗಲ್ವಾ?"

"ನಿಂತ್ಕೊಂಡು ಆಡೋ ಮಾತಲ್ಲರೀ ಅದು."

ಮಗಳು ಇಬ್ಬರ ಮುಖವನ್ನೂ, ಗಿರಾಕಿಯ ಮೂಗಿಗೆ ಫ್ರೇಮು ಇಟ್ಟು ನೋಡುವ ಹಾಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು. "ನೀವಿಬ್ರೂ ಬೇರೆ ಬೇರೆ ಆಗ್ತಿದೀರಾ? ಆಗೋದಾದ್ರೆ ಈಗ್ಲೇ ಹೇಳಿಬಿಡಿ. ನಾನು ಮಧ್ಯಾಹ್ನದ ಮೇಲೆ ಅಂಗಡಿಗೆ ಹೋಗ್ತೀನಿ, ಅರ್ಧ ರಜೆಯಾದ್ರೂ ಉಳಿಯುತ್ತೆ."

"ಬೇರೆ ಆಗೋಕೆ ಮೊದಲು ಒಟ್ಟಿಗಿರ್ಬೇಕಲ್ಲೇ" ಅಂದರು ಅಮ್ಮ.

ಪಾರ್ಕಿಗೆ ಹೋಗುವ ಬಸ್ಸಿನಲ್ಲಿ ಇನ್ನೊಂದು ಫಜೀತಿ. ತಪಾಸಣೆಯವರನ್ನು ಕಂಡದ್ದೇ ಕಂಡಕ್ಟರು ಎದ್ದುನಿಂತ. "ಇವತ್ತು ರಜೆಯಪ್ಪ, ಮೂರು ಟಿಕೆಟ್ ಕೊಡು" ಅಂದರೂ ನಂಬಲಿಲ್ಲ. ಮಾರುವೇಷದ ಹೊಸ ಪದ್ಧತಿ ಶುರುವಾಗಿದೆ, ಹೆಂಡತಿ ಮಕ್ಕಳನ್ನೂ ಕಟ್ಟಿಕೊಂಡು ಬರುತ್ತಾರೆ ಎಂದು ಡ್ರೈವರಿಗೆ ಕಿವಿಯಲ್ಲಿ ಹೇಳಿದ. ಬಸ್ಸು ಅವತ್ತು ಪ್ರತಿ ಸ್ಟಾಪಿನಲ್ಲೂ ಗೆರೆ ಹಾಕಿದ ಹಾಗೆ ನಿಂತಿತು. ತಪಾಸಣೆಯವರು ಅದನ್ನು ಗಮನಿಸಲಿಲ್ಲ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಪಾರ್ಕಿನಲ್ಲಿ ಕೊಳ ಇತ್ತು, ಕೊಳದಲ್ಲಿ ನೀರೂ ಇತ್ತು. ದೋಣಿಗಳನ್ನು ಮಾತ್ರ ಬಣ್ಣ ಹೊಡೆಯಲು ದಡದ ಮೇಲೆ ಬೋರಲು ಹಾಕಿದ್ದರು. ಬುಧವಾರವಾದ್ದರಿಂದ ಜನ ಕಡಿಮೆ. ಒಂದು ಮರದ ಕೆಳಗೆ ಬೆಡ್‌ಶೀಟು ಹಾಸಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಬಿಚ್ಚಿದರು. ಮಗಳು ಮೊಟ್ಟೆಯನ್ನು ಅಪ್ಪನ ಹಣೆಗೆ ಕುಟ್ಟಿ ಒಡೆದಳು. ಚಿಕ್ಕವಳಿದ್ದಾಗ ಹಾಗೇ ಮಾಡುತ್ತಿದ್ದಳು. ಅಪ್ಪ ನಕ್ಕರು, ನಗು ಮುಗಿಯುವ ಮೊದಲೇ, ಇದು ಕೊನೆಯ ಮೊಟ್ಟೆಯೇನೋ ಅನ್ನಿಸಿತು. ಮೂರು ಬ್ರೆಡ್ಡು ತಿನ್ನುವವರು ಒಂದಕ್ಕೇ ನಿಲ್ಲಿಸಿದರು. ಊಟ ಮುಗಿಯದಿದ್ದರೆ ಮಾತು ಶುರುವಾಗುವುದಿಲ್ಲವಷ್ಟೆ.

"ತಿನ್ರೀ" ಅಂದರು ನರ್ಸಮ್ಮ.

"ತಿಂತೀನಿ. ಅವಸರ ಏನಿದೆ, ರಜೆ ಅಲ್ವಾ?"

ನರ್ಸಮ್ಮ ಅವರನ್ನೇ ಒಂದು ಗಳಿಗೆ ನೋಡಿ, ಬಾಟಲಿ ತೆಗೆದುಕೊಂಡು ನಲ್ಲಿಯ ಕಡೆ ಹೋದರು. ಆಗ ಬೆಡ್‌ಶೀಟಿನ ಮೇಲಿದ್ದ ಅವರ ಫೋನು ಹೊಡೆದುಕೊಂಡಿತು. ತಪಾಸಣೆಯವರು ಎತ್ತಿದರು.

"ಅಕ್ಕಾ, ಹೇಗಿದಾರೆ ಈಗ?" ಒಂದು ಹೆಂಗಸಿನ ದನಿ. ನರ್ಸಮ್ಮನ ವಾರ್ಡಿನ ಜೊತೆಗಾತಿ.

"ಯಾರು ಹೇಗಿದಾರೆ?"

"ಅಯ್ಯೋ, ಭಾವ! ನೀವಾ? ಮಾತಾಡ್ತಿದೀರಾ! ಮಾತಾಡೋಕೆ ಬಿಟ್ಟಿದಾರಾ? ಬೇಡ ಬೇಡ, ಆಯಾಸ ಮಾಡ್ಕೋಬೇಡಿ. ಧೈರ್ಯವಾಗಿರಿ ಭಾವ. ಎಲ್ಲಾ ದೇವರ ಕೈಯಲ್ಲಿದೆ. ಅಕ್ಕನಿಗೆ ಹೇಳಿ, ಡ್ಯೂಟಿ ಬಗ್ಗೆ ಯೋಚ್ನೆ ಮಾಡ್ಬೇಡ ಅಂತ." ದನಿ ಗದ್ಗದವಾಯಿತು. ಫೋನು ಕಟ್ಟಾಯಿತು.

ನರ್ಸಮ್ಮ ನೀರು ತುಂಬಿಸಿಕೊಂಡು ವಾಪಸು ಬಂದಾಗ ಗಂಡ ಬೆಡ್‌ಶೀಟಿನ ನಡುವೆ ಎದ್ದುನಿಂತಿದ್ದರು.

"ಎಷ್ಟು ದಿನ ಅಂದಿದಾರೆ?"

"ಏನು ಎಷ್ಟು ದಿನ?"

"ನಂಗೆ. ಡಾಕ್ಟ್ರು. ಇಡೀ ವಾರ್ಡಿಗೆ ಗೊತ್ತಿದೆ, ಕಟ್ಕೊಂಡ ಗಂಡನಿಗೆ ಹೇಳಲ್ಲ. ಹೇಳ್ಬಿಡು. ನಾನು ರೆಡಿ. ನಲ್ಲಿ ರಿಪೇರಿ ಮಾಡಿದೀನಿ."

"ನಲ್ಲಿಗೂ ಇದಕ್ಕೂ..." ನರ್ಸಮ್ಮ ಬಾಟಲಿ ಕೆಳಗಿಟ್ಟರು. ಅವರ ಕೈ ಸೊಂಟಕ್ಕೆ ಹೋಯಿತು. "ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಡಿ. ಯಾರವಳು?"

"ಯಾರು ಯಾರವಳು?"

"ಇಪ್ಪತ್ತಮೂರು ವರ್ಷದಲ್ಲಿ ಒಂದು ಚಮಚ ತೊಳೆದವರಲ್ಲ. ಹತ್ತು ದಿನದಿಂದ ಬಾಣಲೆ ಉಜ್ತಿದೀರ. ಅತಿ ವಿನಯಂ ಧೂರ್ತ ಲಕ್ಷಣಂ ಅಂತ ಸುಮ್ನೆ ಹೇಳಿದಾರಾ? ಅದನ್ನ ಕೇಳೋಕೇ ಇವತ್ತು ಕೂತು ಮಾತಾಡೋಣ ಅಂದಿದ್ದು. ಮಗಳ ಎದುರಿಗೇ ಹೇಳಿ."

"ನಾನು ಸಾಯ್ತಿದೀನಿ ಅಂತ ಪಾತ್ರೆ ತೊಳೆದೆ ಕಣೇ!"

ಮಗಳು ಬಾಳೆಹಣ್ಣು ಸುಲಿಯುವುದನ್ನು ನಿಲ್ಲಿಸಿದಳು. ನರ್ಸಮ್ಮ ಗಂಡನ ಮುಖವನ್ನೇ ನೋಡಿದರು. ಆಮೇಲೆ ಸರಕ್ಕನೆ ಕೂತು, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ದೋಣಿಗೆ ಬಣ್ಣ ಹೊಡೆಯುತ್ತಿದ್ದವನು ಬ್ರಷ್ಷು ಎತ್ತಿ ಇತ್ತ ನೋಡುವಷ್ಟು ನಕ್ಕರು.

"ಅಷ್ಟೇನಾ? ಅಯ್ಯೋ, ಸಾಯೋದಷ್ಟೇನಾ? ನಾನು ಬೇರೆ ಏನೋ ಅಂದ್ಕೊಂಡಿದ್ದೆ."

ತಪಾಸಣೆಯವರಿಗೆ ಈ ಸಮಾಧಾನ ಎಲ್ಲಿ ತಾಗಬೇಕೋ ಅಲ್ಲಿ ತಾಗಲಿಲ್ಲ. "ಮತ್ತೆ ನಿಮ್ಮ ವಾರ್ಡಿನ ಆ ಹುಡುಗಿ ಈಗ ಫೋನ್ ಮಾಡಿ ಯಾಕೆ ಅತ್ಲು?"

ಸಂಗತಿ ಹೊರಗೆ ಬಂತು. ವಾರ್ಡಿನಲ್ಲಿ ಸುಮ್ಮನೆ ರಜೆ ಕೇಳಿದರೆ ದೊಡ್ಡ ಸಿಸ್ಟರ್ ಕೊಡುವುದಿಲ್ಲ. ಮನೆಯಲ್ಲಿ ಯಾರಾದರೂ ಮಲಗಿರಬೇಕು. "ನಿಮ್ಮಮ್ಮನ್ನ ಈಗಾಗ್ಲೇ ಎರಡ್ಸಲ ಸಾಯ್ಸಿದೀನಿ. ಅವರು ಹೋಗಿ ಹನ್ನೆರಡು ವರ್ಷ ಆದ್ಮೇಲೂ ಪಾಪ ರಜೆ ವಿಷಯದಲ್ಲಿ ನನ್ನ ಕೈಬಿಡ್ಲಿಲ್ಲ. ಮೂರನೇ ಸಲ ಹೇಳೋಕಾಗುತ್ತಾ? ನಿಮಗೆ ಎದೆನೋವು ಅಂದೆ. ಎದೆನೋವು ಅಂದಿದ್ದು ನಾನು, ಮಿಕ್ಕಿದ್ದೆಲ್ಲ ಅವಳೇ ಬೆಳೆಸಿದ್ದು."

"ಗಂಡನ ಎದೆ ಅಡ ಇಟ್ಟು ರಜೆ ತಗೊಂಡ್ಯಾ!"

"ನೀವೇನು ಹೇಳಿದ್ರಿ ಡಿಪೋದಲ್ಲಿ?"

ತಪಾಸಣೆಯವರು ಕೊಳದ ಕಡೆ ನೋಡಿದರು.

"ಹೇಳಿ."

"ನಿಂಗೆ ತಲೆ ತಿರುಗಿ ಬಿದ್ದುಬಿಟ್ಟೆ ಅಂತ."

"ನಾನು ನಿಮ್ಮಿಬ್ರಿಗೂ ವಾಂತಿ ಭೇದಿ ಅಂದಿದೀನಿ" ಅಂದಳು ಮಗಳು, ಬಾಳೆಹಣ್ಣು ಮುಂದುವರಿಸುತ್ತ. "ನಮ್ಮ ಓನರ್ ದಿನಾ ಕೇಳ್ತಾರೆ, ನೀರು ಕಾಯಿಸಿ ಕುಡೀತಾರಾ ಅಂತ."

ಇಲ್ಲಿಗೆ ಮುಗಿಯಬಹುದಿತ್ತು. ತಪಾಸಣೆಯವರು ಕೂತರು, ಎರಡನೆಯ ಬ್ರೆಡ್ಡಿಗೆ ಕೈ ಹಾಕಿದರು. ಆದರೆ ಅನುಮಾನ ಎಂಬುದು ಮನೆಗೆ ಬಂದ ನೆಂಟನ ಹಾಗೆ. ಬೀಳ್ಕೊಟ್ಟ ಮೇಲೂ ಬಾಗಿಲಲ್ಲಿ ನಿಂತು ಇನ್ನೊಂದು ಮಾತಾಡುತ್ತದೆ.

"ಹಾಗಾದ್ರೆ ರಿಪೋರ್ಟು ಚೆನ್ನಾಗಿದೆ."

"ಯಾವ್ದು?"

"ನನ್ನ ರಕ್ತ. ಎರಡು ಸೀಸೆ."

"ಓ, ಅದಾ. ಇನ್ನೂ ತಂದಿಲ್ಲ. ಲ್ಯಾಬು ಎರಡು ಮಹಡಿ ಕೆಳಗೆ. ಇಳಿದು ಹೋಗೋಕೆ ಟೈಮೆಲ್ಲಿದೆ ನಂಗೆ?" ನರ್ಸಮ್ಮ ಮೊಟ್ಟೆಯ ಸಿಪ್ಪೆಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು.

"ಅಮ್ಮ" ಅಂದಳು ಮಗಳು. "ನಿಮ್ಮ ಕ್ಯಾಂಟೀನು ಲ್ಯಾಬಿನ ಪಕ್ಕದಲ್ಲೇ ಅಲ್ವಾ? ನೀನು ದಿನಾ ಕಾಫಿಗೆ ಇಳೀತೀಯಲ್ಲ?"

ಸಿಪ್ಪೆ ಎಲ್ಲ ಮುಗಿದ ಮೇಲೂ ಬೆಡ್‌ಶೀಟಿನ ಮೇಲೆ ನರ್ಸಮ್ಮನ ಬೆರಳು ಹೆಕ್ಕುತ್ತಲೇ ಇತ್ತು. ತಪಾಸಣೆಯವರು ಬ್ರೆಡ್ಡು ಕೆಳಗಿಟ್ಟರು. ಇಪ್ಪತ್ತು ದಿನ ಲ್ಯಾಬಿನ ಬಾಗಿಲ ಮುಂದೆ ಕಾಫಿ ಹಿಡಿದುಕೊಂಡು ಹೋಗಿ ಬಂದಿದ್ದಾಳೆ, ಒಳಗೆ ಕಾಲಿಟ್ಟಿಲ್ಲ. ಊರವರ ರಿಪೋರ್ಟನ್ನೆಲ್ಲ ಓದಿ ಹೇಳುವವಳು.

"ಹೆದರಿಕೆ ಆಯ್ತಾ?" ಅಂದರು ಮೆಲ್ಲಗೆ.

"ರಕ್ತ ತೆಗೆದ ದಿನ ನಿಮ್ಮ ಮುಖ ಬಿಳುಚಿಕೊಂಡಿತ್ತು" ಅಂದರು ನರ್ಸಮ್ಮ, ತಲೆ ಎತ್ತದೆ. "ಕೆಲಸದಲ್ಲಿ ದಿನಾ ನೋಡ್ತೀನಲ್ಲ. ಬೇರೆಯವರದ್ದಾದ್ರೆ ಕವರ್ ಹರಿದು ನೋಡ್ಬಿಡ್ತೀನಿ. ಅದ್ಕೇ ಮೊದಲು ಒಂದು ದಿನ ಎಲ್ರೂ ಒಟ್ಟಿಗೆ ಇದ್ದುಬಿಡೋಣ, ಆಮೇಲೆ ನೋಡೋಣ ಅಂದ್ಕೊಂಡೆ. ನೀವು ಪಾತ್ರೆ ತೊಳೆಯೋಕೆ ಶುರು ಮಾಡಿದ್ಮೇಲೆ ಆ ಭಯ ಹೋಗಿ ಬೇರೆ ಭಯ ಬಂತು."

ತಪಾಸಣೆಯವರು ಎದ್ದು ಬೆಡ್‌ಶೀಟಿನ ಒಂದು ತುದಿ ಹಿಡಿದರು. "ಏಳಿ. ಈಗ್ಲೇ ಹೋಗೋಣ."

"ಇವತ್ತು ರಜೆರೀ! ರಜೆ ದಿನಾನೂ ಆಸ್ಪತ್ರೆಗಾ? ಅದೂ ನಿಮ್ಮನ್ನ ಕರ್ಕೊಂಡು? ನೀವು ಮಲಗಿದೀರ ಅಂತ ಹೇಳಿದೀನಿ!"

"ಮಲಗಿದ್ದವನು ಎದ್ದು ಬಂದೆ. ತೋರ್ಸೋಕೆ ಬಂದೆ."

"ನೆಟ್ಟಗೆ ನಡೀಬೇಡ ಹಾಗಾದ್ರೆ" ಅಂದಳು ಮಗಳು.

ಒಂದೂವರೆ ಗಂಟೆಯ ನಂತರ ಆಸ್ಪತ್ರೆಯ ಗೇಟಿನೊಳಗೆ ಒಂದು ಸಂಸಾರ ಪ್ರವೇಶ ಮಾಡಿತು. ನಡುವೆ ಗಂಡಸು, ಎಡಕ್ಕೆ ಮಗಳ ಭುಜ, ಬಲಕ್ಕೆ ಹೆಂಡತಿಯ ಕೈ. ಕಾಲು ನಿಜಕ್ಕೂ ನಡುಗುತ್ತಿದ್ದದ್ದರಿಂದ ತಪಾಸಣೆಯವರಿಗೆ ನಟನೆಯ ಶ್ರಮ ಅಷ್ಟಾಗಿ ಬೀಳಲಿಲ್ಲ. ಎದೆಯನ್ನು ಮಾತ್ರ ಬಲಗಡೆ ಹಿಡಿದುಕೊಂಡಿದ್ದರು.

"ಎಡಕ್ರೀ, ಎಡಕ್ಕೆ" ಅಂದರು ನರ್ಸಮ್ಮ, ತುಟಿ ಅಲ್ಲಾಡಿಸದೆ.

ಲ್ಯಾಬಿನವನು ಕಟ್ಟು ಕಟ್ಟು ಕವರುಗಳ ನಡುವೆ ಹುಡುಕಿ ಒಂದನ್ನು ಎಳೆದ. ದಪ್ಪ ಮೀಸೆಯ, ದೊಡ್ಡ ಗಂಟಲಿನ ಮನುಷ್ಯ. "ಇದಾ? ಎಷ್ಟು ದಿನದಿಂದ ಬಿದ್ದಿದೆ ಅಕ್ಕ, ನಿಮ್ಮನೇದು ಅಂತ ಗೊತ್ತಿದ್ರೆ ನಾನೇ ಮೇಲೆ ತಂದ್ಕೊಡ್ತಿದ್ದೆ." ನರ್ಸಮ್ಮ ಕೈ ಚಾಚಿದರು, ಚಾಚಿ ಹಿಂದಕ್ಕೆ ತೆಗೆದುಕೊಂಡರು. "ನೀನೇ ನೋಡಪ್ಪ. ಕನ್ನಡಕ ಮರೆತು ಬಂದಿದೀನಿ."

ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಮಗಳು ನೋಡಿ, ಕವರಿನ ಕಡೆ ತಿರುಗಿದಳು.

ಅವನು ಕವರ್ ಹರಿದ. ಮೇಲಿನಿಂದ ಕೆಳಕ್ಕೆ ಬೆರಳು ಓಡಿಸಿದ. ಇನ್ನೊಂದು ಹಾಳೆ ತಿರುವಿದ. ಆ ಹಾಳೆ ತಿರುವುವಷ್ಟು ಹೊತ್ತು ತಪಾಸಣೆಯವರು ಗೋಡೆಯ ಮೇಲಿನ ಕ್ಯಾಲೆಂಡರಿನ ಹಳೇ ತಿಂಗಳನ್ನು ಓದಿದರು.

"ಏನೂ ಇಲ್ಲ!" ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಸಾರಿದ. "ಸಕ್ಕರೆ ನಾರ್ಮಲ್, ಕಿಡ್ನಿ ನಾರ್ಮಲ್, ಎಲ್ಲಾ ನಾರ್ಮಲ್. ಕುದುರೆ ಇದ್ದಂಗಿದಾರೆ ಅಕ್ಕ ನಿಮ್ಮ ಯಜಮಾನ್ರು!"

"ಹೌದಾ?" ಅಂದಿತು ಹಿಂದಿನಿಂದ ಒಂದು ದನಿ.

ದೊಡ್ಡ ಸಿಸ್ಟರ್. ಕಂಕುಳಲ್ಲಿ ಡ್ಯೂಟಿ ರಿಜಿಸ್ಟರು, ಕೈಯಲ್ಲಿ ಕ್ಯಾಂಟೀನಿನ ಲೋಟ. ಕುದುರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನರ್ಸಮ್ಮನ ಮುಖದಲ್ಲಿ ಉಕ್ಕಿ ಬರುತ್ತಿದ್ದ ಹಿಗ್ಗು ಅರ್ಧದಾರಿಯಲ್ಲಿ ನಿಂತು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಕಣ್ಣಲ್ಲಿ ತುಂಬಿಕೊಂಡಿತು. ಇಪ್ಪತ್ತಾರು ವರ್ಷ ಸುಳ್ಳು ಹಿಡಿದವರು ಬಾಯಿ ತೆರೆದು, ಜೀವನದ ಎರಡನೆಯ ಸರ್ಕಾರಿ ಸುಳ್ಳು ಹೇಳಿದರು: "ಅದು... ಹಳೇ ರಕ್ತ ಸಿಸ್ಟರ್. ಎದೆನೋವು ಬಂದಿದ್ದು ಆಮೇಲೆ."

ದೊಡ್ಡ ಸಿಸ್ಟರ್ ಲೋಟವನ್ನು ಮಗಳ ಕೈಗೆ ಕೊಟ್ಟು ಅವರ ಮಣಿಕಟ್ಟು ಹಿಡಿದರು. ಎದೆಗೆ ಸಿಕ್ಕಿಸಿದ್ದ ಗಡಿಯಾರ ನೋಡುತ್ತ ಲೆಕ್ಕ ಹಾಕಿದರು. ಆ ನಾಡಿ ಹತ್ತು ದಿನದ ಸಾವನ್ನು ಒಂದೇ ನಿಮಿಷದಲ್ಲಿ ಬಿಟ್ಟು ಬಂದ ನಾಡಿ; ಬಸ್ಸು ಹಿಡಿಯಲು ಓಡುವವನ ಹಾಗೆ ಬಡಿಯುತ್ತಿತ್ತು.

"ನೂರಾ ಮೂವತ್ತು" ಅಂದರು ದೊಡ್ಡ ಸಿಸ್ಟರ್. ಗಂಡನ ಮುಖ ನೋಡಿದರು, ಹೆಂಡತಿಯ ಒದ್ದೆ ಕಣ್ಣು ನೋಡಿದರು, ಮಗಳ ಕೂದಲಿಗೆ ಅಂಟಿದ್ದ ಹುಲ್ಲುಕಡ್ಡಿ ನೋಡಿದರು. ಮೂವತ್ತು ವರ್ಷ ವಾರ್ಡು ನಡೆಸಿದವರಿಗೆ ಯಾವ ನಾಡಿ ಯಾವುದಕ್ಕೆ ಓಡುತ್ತದೆಂದು ತಿಳಿಯದೇ ಇದ್ದೀತೆ? ಅದು ಅವರ ಮುಖದಿಂದ ಹೊರಗೆ ಬರಲಿಲ್ಲ.

"ಬಿಸಿಲು ಬೇಕು ಇವರಿಗೆ. ಗಾಳಿ ಬೇಕು. ತಕ್ಷಣ ಹೊರಗೆ ಕರ್ಕೊಂಡ್ಹೋಗು" ಅಂದರು. ಲೋಟ ವಾಪಸು ತೆಗೆದುಕೊಂಡರು. "ಇನ್ನೈದು ನಿಮಿಷ ಇಲ್ಲೇ ನಿಂತಿದ್ರೆ, ಮೇಲೆ ಇಬ್ರು ಬಂದಿಲ್ಲ ಇವತ್ತು, ನಿನ್ನನ್ನ ಡ್ಯೂಟಿಗೆ ಹಾಕ್ಕೊಂಡ್ಬಿಡ್ತೀನಿ."

ಕಾರಿಡಾರು ಉದ್ದ, ಅದರಾಚೆ ಅಂಗಳ, ಅಂಗಳದ ಮೇಲೆ ನಾಲ್ಕು ಮಹಡಿಯ ಕಿಟಕಿಗಳು. ಓಡಿಬಿಡುವಂಥ ಸುದ್ದಿಯನ್ನು ಜೇಬಿನಲ್ಲಿಟ್ಟುಕೊಂಡು ಮೂವರೂ ಹೆಣ ಹೊತ್ತವರ ಹಾಗೆ ನಡೆದರು. ಎರಡನೆಯ ಮಹಡಿಯಿಂದ ಜೊತೆಗಾತಿ ಕೈಮುಗಿದಳು. ತಪಾಸಣೆಯವರು ಕಷ್ಟಪಟ್ಟು ಒಂದು ಬೆರಳೆತ್ತಿ ಹರಸಿದರು.

"ಜಾಸ್ತಿ ಮಾಡ್ಬೇಡಿ" ಅಂದರು ನರ್ಸಮ್ಮ. "ಕಾಲು ಎಳೀರಿ."

"ಎಳೀತಾ ಇದೀನಲ್ಲ."

"ಅಪ್ಪ, ಗೇಟು ದಾಟಿದ ಮೇಲೂ ಸ್ವಲ್ಪ ದೂರ ಎಳಿ. ಆಮೇಲೆ ಐಸ್‌ಕ್ರೀಮ್" ಅಂದಳು ಮಗಳು.

ತೋಳು ಹಿಡಿದಿದ್ದ ಹೆಂಡತಿಯ ಕೈ ಬಿಗಿಯಾಗಿತ್ತು. ಓರೆಗಣ್ಣಿನಲ್ಲಿ ನೋಡಿದರೆ ಕೆನ್ನೆಯ ಮೇಲೆ ನೀರು ಧಾರಾಳವಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ಕಿಟಕಿಗಳಿಗೆ ತೋರಿಸಲು ಅತ್ತದ್ದೋ, ಸುಮ್ಮನೆ ಅತ್ತದ್ದೋ? ತಪಾಸಣೆಯವರು ಮುಖ ತಿರುಗಿಸಿ ನೆಟ್ಟಗೆ ನೋಡಿದರು. ಯಾವುದೆಂದು ಹೊಳೆಯಲಿಲ್ಲ.

"ಏನು ಹಾಗೆ ನೋಡ್ತೀರ? ಮುಂದೆ ನೋಡ್ಕೊಂಡು ನಡೀರಿ" ಅಂದರು ನರ್ಸಮ್ಮ.

ತಪಾಸಣೆಯವರು ಮುಂದೆ ನೋಡಿಕೊಂಡು ನಡೆದರು. ಗಂಟೆ ಇನ್ನೂ ಎರಡೂವರೆ.